ವಾದದ ನಡುವೆ ಕೂತ ಮಗು

ಮೈಸೂರಿನ ಯಾವ ಬಿ.ಇಡಿ. ವಿದ್ಯಾರ್ಥಿಯ ನೋಟ್ಸ್ ತೆರೆದರೂ ಕಲಿಕೆಯ ಸಿದ್ಧಾಂತಗಳ ಅಧ್ಯಾಯ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪಾವ್ಲೋವನ ಪಕ್ಕ ನಾಯಿ, ಥಾರ್ನ್‌ಡೈಕನ ಪಕ್ಕ ಬೆಕ್ಕು, ಸ್ಕಿನ್ನರನ ಪಕ್ಕ ಇಲಿ ಮತ್ತು ಪಾರಿವಾಳ, ಕೊಹ್ಲರನ ಪಕ್ಕ ಚಿಂಪಾಂಜಿ. ಪ್ರಾಣಿಗಳು ಮುಗಿದ ಮೇಲೆ ಪಿಯಾಜೆಯ ನಾಲ್ಕು ಹಂತ, ವೈಗೋಟ್‌ಸ್ಕಿಯ ವಿಕಾಸ ವಲಯ, ಬ್ರೂನರನ ಸುರುಳಿ ಪಠ್ಯಕ್ರಮ. ಟಿಇಟಿಗೆ ಕೂರುವವರು ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡು, ನಾಲ್ಕು ಆಯ್ಕೆಗಳಲ್ಲಿ ಸರಿಯಾದ ಹೆಸರಿಗೆ ಗುರುತು ಹಾಕಿ ಬರುತ್ತಾರೆ. ಈ ಹೆಸರುಗಳವರು ಒಬ್ಬರನ್ನೊಬ್ಬರು ಒಪ್ಪದವರು, ಒಬ್ಬರ ಮಾತಿಗೆ ಇನ್ನೊಬ್ಬರು ವರ್ಷಗಟ್ಟಲೆ ಉತ್ತರ ಹುಡುಕಿದವರು ಎಂಬ ಸಂಗತಿ ಮಾತ್ರ ಆ ನೋಟ್ಸಿನಲ್ಲಿ ಎಲ್ಲೂ ಸಿಗುವುದಿಲ್ಲ.

ಅದನ್ನು ಹೇಗಾದರೂ ಮನಗಾಣಿಸಬೇಕೆಂದು ನನ್ನ ತರಗತಿಯಲ್ಲಿ ಒಂದು ಕೆಲಸ ಕೊಟ್ಟಿದ್ದೆ. ಇವರೆಲ್ಲ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದಾರೆ ಅಂದುಕೊಳ್ಳಿ. ಹಳ್ಳಿಯ ಶಾಲೆಯ ಮೇಷ್ಟ್ರೊಬ್ಬರು ಪ್ರಶ್ನೆ ಹಾಕಿದ್ದಾರೆ: ಆರನೇ ತರಗತಿಗೆ ಬಂದರೂ ಒಬ್ಬ ಹುಡುಗನಿಗೆ ಭಾಗಾಕಾರ ಬರುತ್ತಿಲ್ಲ, ಏನು ಮಾಡಲಿ? ಒಬ್ಬೊಬ್ಬರು ಒಬ್ಬೊಬ್ಬ ವಿದ್ವಾಂಸರಾಗಿ ಉತ್ತರ ಬರೆಯಿರಿ.

ಮೊದಲ ಸುತ್ತು ಚೆನ್ನಾಗಿಯೇ ನಡೆಯಿತು. ಲೆಕ್ಕವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕೊಡಿ, ಒಂದೊಂದು ಹೆಜ್ಜೆ ಸರಿಯಾದಾಗಲೂ ಕೂಡಲೇ ತಿಳಿಸಿ ಎಂದರು ಸ್ಕಿನ್ನರ್. ಅವನ ತಲೆಯಲ್ಲಿ ಈಗ ಏನಿದೆ ಅನ್ನುವುದನ್ನು ಮೊದಲು ಕೇಳಿ ತಿಳಿದುಕೊಳ್ಳಿ ಎಂದರು ಪಿಯಾಜೆ. ಪಕ್ಕದಲ್ಲಿ ಯಾರನ್ನು ಕೂರಿಸಿದ್ದೀರಿ ಎಂದರು ವೈಗೋಟ್‌ಸ್ಕಿ. ಕೈಗೆ ಏನು ಕೊಟ್ಟಿದ್ದೀರಿ ಎಂದರು ಮಾಂಟೆಸ್ಸೊರಿ. ಭಾಗಾಕಾರ ತನಗೆ ಯಾಕೆ ಬೇಕೆಂದು ಅವನಿಗೆ ಅನ್ನಿಸಿದೆಯೇ ಎಂದರು ಪೌಲೊ ಫ್ರೇರೆ. ಐದೂ ಒಳ್ಳೆಯ ಮಾತುಗಳೇ. ಆ ಮೇಷ್ಟ್ರು ಐದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಆ ಹುಡುಗನಿಗೆ ಉಪಕಾರವಾಗುತ್ತಿತ್ತು.

ಎರಡನೇ ಸುತ್ತಿನಲ್ಲಿ ಮಾತು ತಿರುಗಿತು. ನೀವು ಮಕ್ಕಳನ್ನು ಪಾರಿವಾಳ ಮಾಡುತ್ತೀರಿ ಎಂದು ಒಬ್ಬರು ಬರೆದರು. ನೀವು ಕಾಯುತ್ತಾ ಕೂತಿದ್ದರೆ ಹುಡುಗನಿಗೆ ಮೀಸೆ ಬರುತ್ತದೆ ಎಂದು ಇನ್ನೊಬ್ಬರು. ತರಗತಿಯಲ್ಲಿ ನಗು, ಚಪ್ಪಾಳೆ. ಯಾರ ಮಾತು ಹೆಚ್ಚು ಮೊನಚಾಗಿದೆಯೋ ಅವರಿಗೆ ಹೆಚ್ಚು ಹೆಬ್ಬೆರಳು. ನೋಡನೋಡುತ್ತಿದ್ದಂತೆ ಪ್ರತಿಯೊಬ್ಬ ವಿದ್ವಾಂಸರೂ ತಮ್ಮ ನೋಟ್ಸಿನ ಒಂದು ಸಾಲಾಗಿ ಕುಗ್ಗಿಹೋದರು. ನನ್ನನ್ನು ನಿಜಕ್ಕೂ ಕಲಕಿದ್ದು ಬೇರೆಯದೇ. ಆ ಹುಡುಗನ ಸುದ್ದಿಯೇ ನಿಂತುಹೋಗಿತ್ತು. ಅವನಿಗೆ ಗುಣಾಕಾರ ಬರುತ್ತದೆಯೇ, ಅವನು ಎಲ್ಲಿ ತಡವರಿಸುತ್ತಾನೆ, ಸೊನ್ನೆ ಬಂದಾಗಲೋ, ಶೇಷ ಉಳಿದಾಗಲೋ? ಯಾರೂ ಕೇಳಲಿಲ್ಲ. ಪ್ರಶ್ನೆ ಹಾಕಿದ್ದ ಮೇಷ್ಟ್ರ ಪಾತ್ರ ಮಾಡುತ್ತಿದ್ದ ಹುಡುಗಿಗೆ ಮೊದಲ ಸುತ್ತಿನ ನಂತರ ಬಾಯಿ ಬಿಡುವ ಅವಕಾಶವೇ ಬರಲಿಲ್ಲ.

ನನ್ನ ವಿದ್ಯಾರ್ಥಿಗಳನ್ನು ನಾನು ದೂರುವುದಿಲ್ಲ. ಅವರು ದಿನವೂ ನೋಡುತ್ತಿರುವ ಮಾತಿನ ರೀತಿಯನ್ನೇ ಆಡಿ ತೋರಿಸಿದರು. ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ನೋಡಿದ ಮಕ್ಕಳು ಅದೇ ಹೊಡೆತವನ್ನು, ಅದೇ ಬೈಗುಳವನ್ನು ಮರಳಿ ಮಾಡಿದ್ದನ್ನು ಮನಶ್ಶಾಸ್ತ್ರಜ್ಞ ಬಂಡೂರ 1961ರಲ್ಲಿ ಸ್ಟ್ಯಾನ್‌ಫರ್ಡ್‌ನ ಶಿಶುಶಾಲೆಯಲ್ಲಿ ತೋರಿಸಿದ್ದರು. ಜಗಳ ಕೂಡ ನೋಡಿಯೇ ಕಲಿಯುವ ವಿದ್ಯೆ.

ಸೋಷಿಯಲ್ ಮೀಡಿಯಾದಲ್ಲಿ ಈ ವಿದ್ವಾಂಸರು ವಾದಕ್ಕೆ ಇಳಿದರೆ ವಾದ ಶುರುವಾಗುವ ಮೊದಲೇ ಒಬ್ಬರು ಗೆದ್ದಿರುತ್ತಾರೆ, ಅವರು ಸ್ಕಿನ್ನರ್. ಯಾಕೆಂದರೆ ಆ ಅಂಗಳ ಕಟ್ಟಿರುವುದೇ ಅವರ ಸೂತ್ರದ ಮೇಲೆ. ಕುಟುಕಿದಾಗಲೆಲ್ಲ ಕಾಳು ಬಿದ್ದರೆ ಪಾರಿವಾಳ ಒಂದು ಹದದಲ್ಲಿ ಕುಟುಕುತ್ತದೆ. ಯಾವ ಕುಟುಕಿಗೆ ಕಾಳು ಬೀಳುತ್ತದೆಂದು ಗೊತ್ತಾಗದ ಹಾಗೆ ಮಾಡಿದರೆ ಬಿಡುವಿಲ್ಲದೆ ಕುಟುಕುತ್ತಲೇ ಇರುತ್ತದೆ. ಫರ್ಸ್ಟರ್ ಜೊತೆ ಸೇರಿ ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರ ಪುಟಗಟ್ಟಲೆ ಇದೆ. ನಾವು ಫೋನನ್ನು ಮತ್ತೆ ಮತ್ತೆ ತೆರೆದು ಯಾರಾದರೂ ಮೆಚ್ಚಿದರೇ ಎಂದು ನೋಡುವುದು ಇದೇ ನಿಯಮದಲ್ಲಿ. ಪಿಯಾಜೆಯಂಥವರನ್ನೂ ಅಲ್ಲಿ ಕೂರಿಸಿದರೆ, ಯಾವ ಮಾತಿಗೆ ಮೆಚ್ಚುಗೆ ಬರುತ್ತದೋ ಆ ಮಾತಿನ ಕಡೆಗೆ ಅವರೂ ಮೆಲ್ಲನೆ ವಾಲುತ್ತಾರೆ.

ಆದರೆ ಇದನ್ನು ಸ್ಕಿನ್ನರ್ ಅವರ ತಲೆಗೆ ಕಟ್ಟುವುದು ಅನ್ಯಾಯ. 1953ರಲ್ಲಿ ಅವರು ಮಗಳ ನಾಲ್ಕನೇ ತರಗತಿಯ ಗಣಿತ ಪಾಠ ನೋಡಲು ಹೋಗಿದ್ದರು. ಹಿಂದಿನ ಬೆಂಚಿನಲ್ಲಿ ಕೂತ ಅಪ್ಪನಿಗೆ ಕಂಡದ್ದು ಇಷ್ಟು: ಮಕ್ಕಳು ಲೆಕ್ಕ ಮಾಡುತ್ತಿದ್ದಾರೆ, ಮಾಡಿದ್ದು ಸರಿಯೋ ತಪ್ಪೋ ಅವರಿಗೆ ಗೊತ್ತಾಗುತ್ತಿಲ್ಲ. ಬೇಗ ಮುಗಿಸಿದವರು ಸುಮ್ಮನೆ ಕೂತಿದ್ದಾರೆ, ಬಾರದವರು ಒದ್ದಾಡುತ್ತಿದ್ದಾರೆ, ಎಲ್ಲರಿಗೂ ಒಂದೇ ವೇಗ. ಅದು ಅವರ ಮನಸ್ಸಿಗೆ ಚುಚ್ಚಿತು. ಕೆಲವೇ ದಿನಗಳಲ್ಲಿ ಕೈಯಾರೆ ಒಂದು ಕಲಿಕಾ ಯಂತ್ರ ಮಾಡಿದರು. ಆ ಯಂತ್ರ ಮಗುವಿಗೆ ಹೇಳುತ್ತಿದ್ದದ್ದು ನಿನ್ನ ಲೆಕ್ಕ ಸರಿಯಿದೆ ಎಂದು, ನಿನ್ನನ್ನು ಇಷ್ಟು ಜನ ಮೆಚ್ಚಿದರು ಎಂದಲ್ಲ. ನನಗೆ ಈ ವ್ಯತ್ಯಾಸ ಬಹಳ ದೊಡ್ಡದಾಗಿ ಕಾಣುತ್ತದೆ. ಮಾಡಿದ ಕೆಲಸದ ಬಗ್ಗೆ ತಕ್ಷಣ ತಿಳಿದರೆ ಮಗು ಕಲಿಯುತ್ತದೆ. ತನ್ನ ಬಗ್ಗೆ ಜನ ಏನನ್ನುತ್ತಾರೆಂದು ತಕ್ಷಣ ತಿಳಿಯುತ್ತಿದ್ದರೆ ಮಗುವಾಗಲಿ ಪ್ರೊಫೆಸರ್ ಆಗಲಿ ಕಲಿಯುವುದನ್ನು ಬಿಟ್ಟು ಮೆಚ್ಚಿಸುವುದಕ್ಕೆ ನಿಲ್ಲುತ್ತಾರೆ.

ಇವರ ನಡುವೆ ನಿಜವಾಗಿ ನಡೆದ ವಾದಗಳು ಹೇಗಿದ್ದವು? ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಪಿಯಾಜೆ ಮತ್ತು ವೈಗೋಟ್‌ಸ್ಕಿ ನಡುವಿನದು. ಇಬ್ಬರೂ 1896ರಲ್ಲಿ ಹುಟ್ಟಿದವರು, ಒಬ್ಬರು ಸ್ವಿಟ್ಜರ್ಲೆಂಡಿನಲ್ಲಿ, ಇನ್ನೊಬ್ಬರು ಅಂದಿನ ರಷ್ಯಾ ಸಾಮ್ರಾಜ್ಯದ ಓರ್ಷಾದಲ್ಲಿ. ಒಬ್ಬರನ್ನೊಬ್ಬರು ಒಮ್ಮೆಯೂ ಎದುರುಬದುರು ಕಂಡವರಲ್ಲ. ಪಿಯಾಜೆ ಜಿನೀವಾದ ಶಿಶುಶಾಲೆಯಲ್ಲಿ ಆರು ವರ್ಷದ ಇಬ್ಬರು ಹುಡುಗರ ಬೆನ್ನು ಹಿಡಿದು, ತಿಂಗಳ ಕಾಲ ಅವರು ಬೆಳಗಿನ ಹೊತ್ತು ಆಡಿದ ಮಾತನ್ನೆಲ್ಲ ಬರೆಸಿಕೊಂಡರು. ಮಕ್ಕಳ ಮಾತಿನಲ್ಲಿ ದೊಡ್ಡ ಪಾಲು ಯಾರನ್ನೂ ಉದ್ದೇಶಿಸಿದ್ದಲ್ಲ, ತಮ್ಮಷ್ಟಕ್ಕೆ ತಾವು ಆಡಿಕೊಳ್ಳುವಂಥದ್ದು, ಇನ್ನೊಬ್ಬರ ದೃಷ್ಟಿ ಅವರಿಗೆ ಇನ್ನೂ ಹೊಳೆಯದ ಕಾರಣ ಹೀಗೆ, ಬೆಳೆದಂತೆ ಅದು ಉದುರಿಹೋಗುತ್ತದೆ ಎಂದು 1923ರ ಪುಸ್ತಕದಲ್ಲಿ ಬರೆದರು.

ವೈಗೋಟ್‌ಸ್ಕಿ ಇದನ್ನು ಒಪ್ಪಲಿಲ್ಲ. ಒಪ್ಪದಿದ್ದಾಗ ಅವರು ಮಾಡಿದ್ದು ಎರಡು ಕೆಲಸ. ಒಂದು, ಆ ಪುಸ್ತಕ 1932ರಲ್ಲಿ ರಷ್ಯನ್ ಭಾಷೆಗೆ ಬಂದಾಗ ಅದಕ್ಕೆ ಉದ್ದನೆಯ ಮುನ್ನುಡಿ ಬರೆದರು. ಮಕ್ಕಳ ಮಾತು ಮತ್ತು ಯೋಚನೆಯ ಅಧ್ಯಯನದಲ್ಲಿ ಈ ಮನುಷ್ಯ ಎಷ್ಟು ದೊಡ್ಡ ದಾರಿ ತೆರೆದಿದ್ದಾನೆಂದು ಮೊದಲು ವಿವರಿಸಿ, ಆಮೇಲೆ ತಮ್ಮ ಆಕ್ಷೇಪವನ್ನು ಇಟ್ಟರು. ಎರಡನೆಯದು, ಮಕ್ಕಳ ಹತ್ತಿರ ಹೋಗಿ ನೋಡಿದರು. ಚಿತ್ರ ಬಿಡಿಸುತ್ತಿರುವ ಮಗುವಿಗೆ ಬೇಕಾದ ಬಣ್ಣದ ಪೆನ್ಸಿಲ್ ಸಿಗದ ಹಾಗೆ ಮಾಡಿದರು. ಆಗ ಮಗು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಸುಮಾರು ಎರಡರಷ್ಟಾಯಿತು. ಪೆನ್ಸಿಲ್ ಎಲ್ಲಿ, ಈಗ ನೀಲಿ ಬೇಕಲ್ಲ, ಹೋಗಲಿ ಕೆಂಪಿನಲ್ಲೇ ಬರೆದು ನೀರು ಹಾಕಿದರೆ ಕಪ್ಪಾಗುತ್ತದೆ ಎಂಬಂಥ ಮಾತು. ಐದೂವರೆ ವರ್ಷದ ಒಂದು ಮಗು ಟ್ರಾಮ್ ಗಾಡಿಯ ಚಿತ್ರ ಬಿಡಿಸುತ್ತಿದ್ದಾಗ ಪೆನ್ಸಿಲಿನ ಮೊನೆ ಮುರಿಯಿತು. ಮುರಿದುಹೋಯಿತು ಎಂದು ತನಗೆ ತಾನೇ ಹೇಳಿಕೊಂಡಿತು. ಪೆನ್ಸಿಲನ್ನು ಪಕ್ಕಕ್ಕಿಟ್ಟು ಜಲವರ್ಣ ಎತ್ತಿಕೊಂಡಿತು. ಈಗ ಹಾಳೆಯ ಮೇಲೆ ಬಂದದ್ದು ಅಪಘಾತವಾಗಿ ಮುರಿದುಬಿದ್ದ ಟ್ರಾಮ್. ಬಾಯಿಗೆ ಬಂದ ಒಂದು ಮಾತು ಕೈಯ ಕೆಲಸವನ್ನೇ ತಿರುಗಿಸಿಬಿಟ್ಟಿತ್ತು. ಆ ಗೊಣಗಾಟ ಉದುರಿಹೋಗುವ ಕಸವಲ್ಲ, ಅದು ಯೋಚನೆಯೇ, ಮುಂದೆ ಒಳಗೆ ಇಳಿದು ನಮ್ಮ ಮನಸ್ಸಿನ ಮಾತಾಗುವುದು ಅದೇ ಎಂದರು ವೈಗೋಟ್‌ಸ್ಕಿ.

1934ರ ಜೂನ್‌ನಲ್ಲಿ ಕ್ಷಯದಿಂದ ಅವರು ತೀರಿಕೊಂಡರು. ವಯಸ್ಸು 37. ಇದನ್ನೆಲ್ಲ ಬರೆದಿದ್ದ ಅವರ ಪುಸ್ತಕ ಬಂದದ್ದು ಅವರು ಹೋದ ಮೇಲೆ, ಅದೇ ವರ್ಷ. ಎರಡು ವರ್ಷಕ್ಕೆ ಸೋವಿಯತ್ ಸರ್ಕಾರದ ಧೋರಣೆ ಬದಲಾಗಿ ಅದು ಮೂಲೆ ಸೇರಿತು, 1956ರವರೆಗೆ ಮತ್ತೆ ಅಚ್ಚಾಗಲಿಲ್ಲ. ಇಂಗ್ಲಿಷಿಗೆ ಬಂದದ್ದು 1962ರಲ್ಲಿ. ಆಗ ಪಿಯಾಜೆ ಅದನ್ನು ಓದಿ ಉತ್ತರ ಬರೆದರು. ಎದುರಾಳಿ ಸತ್ತು 28 ವರ್ಷವಾಗಿತ್ತು. ಮುಖತಃ ಕೂತು ಚರ್ಚಿಸಬೇಕಿದ್ದ ಮಾತುಗಳನ್ನು ಇಷ್ಟು ತಡವಾಗಿ ಓದಬೇಕಾಯಿತಲ್ಲ ಎಂಬ ವ್ಯಥೆಯಿಂದಲೇ ಅವರು ಬರಹ ಶುರುಮಾಡುತ್ತಾರೆ. ತನ್ನಷ್ಟಕ್ಕೆ ಆಡಿಕೊಳ್ಳುವ ಮಾತಿನಿಂದಲೇ ಮನಸ್ಸಿನ ಮಾತು ಹುಟ್ಟುತ್ತದೆ ಅನ್ನುವುದನ್ನು ಒಪ್ಪಿಕೊಳ್ಳುತ್ತಾರೆ. ಬೇರೆಯವರ ದೃಷ್ಟಿಯನ್ನು ತನ್ನ ದೃಷ್ಟಿಯ ಜೊತೆ ಹೊಂದಿಸಿಕೊಳ್ಳುವುದು ಮಗುವಿಗೆ ಎಷ್ಟು ಕಷ್ಟವೆಂಬುದನ್ನು ಮಾತ್ರ ವೈಗೋಟ್‌ಸ್ಕಿ ಸಾಕಷ್ಟು ಗಮನಿಸಲಿಲ್ಲ ಎಂದು ತಮ್ಮ ಪಟ್ಟು ಉಳಿಸಿಕೊಳ್ಳುತ್ತಾರೆ. ಆ ಹೊತ್ತಿಗೆ ಅವರು ಜಗತ್ಪ್ರಸಿದ್ಧರು, ತೀರಿಹೋದ ಮನುಷ್ಯನಿಗೆ ಒಂದಿಷ್ಟು ಬಿಟ್ಟುಕೊಡಬೇಕಾದ ಯಾವ ಒತ್ತಾಯವೂ ಅವರ ಮೇಲಿರಲಿಲ್ಲ. ಗೊಣಗುವ ಮಕ್ಕಳ ವಿಷಯದಲ್ಲಿ ನಾನು ವೈಗೋಟ್‌ಸ್ಕಿಯ ಕಡೆ. ಆದರೆ ಈ ಉತ್ತರಕ್ಕಾಗಿ ಪಿಯಾಜೆಯನ್ನು ಇನ್ನಷ್ಟು ಗೌರವಿಸುತ್ತೇನೆ.

ನಿಧಾನವೊಂದೇ ಮದ್ದು ಎಂದೂ ಹೇಳಲಾರೆ. ಭಾಷೆಯ ಕಲಿಕೆಯ ಬಗ್ಗೆ ಸ್ಕಿನ್ನರ್ 1957ರಲ್ಲಿ ತಂದ ಪುಸ್ತಕವನ್ನು ಭಾಷಾವಿಜ್ಞಾನಿ ಚಾಮ್‌ಸ್ಕಿ 1959ರಲ್ಲಿ ಮೂವತ್ತಕ್ಕೂ ಹೆಚ್ಚು ಪುಟಗಳ ವಿಮರ್ಶೆಯಲ್ಲಿ ಬಿಡಿಬಿಡಿಯಾಗಿ ಕಿತ್ತುಹಾಕಿದರು. ಸ್ಕಿನ್ನರ್ ಸ್ವಲ್ಪ ಓದಿ, ತನ್ನ ಮಾತು ಇವರಿಗೆ ತಿಳಿದೇ ಇಲ್ಲವೆಂದು ಪಕ್ಕಕ್ಕಿಟ್ಟರು. ಅವರ ಕಡೆಯವರೊಬ್ಬರಿಂದ ವಿವರವಾದ ಉತ್ತರ ಬರಲು 1970 ಆಯಿತು. ಫೋನಿಲ್ಲದ ಕಾಲದಲ್ಲೂ ಇಬ್ಬರು ಮಹಾ ಬುದ್ಧಿವಂತರು ಒಬ್ಬರ ಮಾತು ಒಬ್ಬರಿಗೆ ಮುಟ್ಟದಂತೆ ಬದುಕಬಹುದು. ಆ ವಾದ ಒಂದು ಹೆಜ್ಜೆ ಮುಂದೆ ಹೋದದ್ದು, ಹಾರ್ವರ್ಡ್‌ನ ರೋಜರ್ ಬ್ರೌನ್ 1962ರಿಂದ ಮೂರು ಮಕ್ಕಳ ಮನೆಗಳಲ್ಲಿ ಮಾತನ್ನು ಧ್ವನಿಮುದ್ರಿಸಿಕೊಳ್ಳತೊಡಗಿದಾಗ. ಆ್ಯಡಮ್, ಈವ್, ಸಾರಾ ಎಂದು ಆ ಮಕ್ಕಳನ್ನು ಕರೆದರು. ಮಗುವಿನ ವ್ಯಾಕರಣ ತಪ್ಪಿದಾಗ ತಾಯಂದಿರು ತಿದ್ದುವುದು ಕಡಿಮೆ, ಹೇಳಿದ ಸಂಗತಿ ಸುಳ್ಳಾದಾಗ ತಿದ್ದುತ್ತಾರೆ ಎಂದು ಅಲ್ಲಿ ಕಂಡಿತು. ಮೆಚ್ಚುಗೆಯಿಂದ ವ್ಯಾಕರಣ ಬರುತ್ತದೆ ಎಂಬ ವಾದಕ್ಕೆ ಇದು ನೂರು ಪುಟದ ಖಂಡನೆಗಿಂತ ದೊಡ್ಡ ಪೆಟ್ಟು. ನಮ್ಮ ಮನೆಗಳಲ್ಲೂ ಅಷ್ಟೆ. ಮೂರು ವರ್ಷದ ಮಗು 'ಅಜ್ಜಿ ಬಂದ' ಅಂದರೆ ಮುದ್ದು ಬಂದು ತಬ್ಬಿಕೊಳ್ಳುತ್ತೇವೆ. ಬಂದದ್ದು ಅತ್ತೆಯಾಗಿದ್ದರೆ 'ಅಜ್ಜಿ ಅಲ್ಲ ಪುಟ್ಟಾ, ಅತ್ತೆ' ಅನ್ನುತ್ತೇವೆ.

ಹೊಸ ಮಾಧ್ಯಮವೊಂದು ಕಲಿಕೆಯ ವಿದ್ವಾಂಸರೊಬ್ಬರ ಕೈಗೆ ಸಿಕ್ಕ ಪ್ರಸಂಗ ನಮ್ಮ ಊರಿನಲ್ಲೇ ಇದೆ. ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ತರಬೇತಾಗಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಅವರೇ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಆಕಾಶವಾಣಿಯನ್ನು ಆರಂಭಿಸಿದರು. ಆ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ಯಾದವಗಿರಿಯ ಇಂದಿನ ನಿಲಯದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ: ಮನುಷ್ಯನ ಮನಸ್ಸನ್ನು ಓದುವುದೇ ಕಸುಬಾಗಿದ್ದ ಮೇಷ್ಟ್ರೊಬ್ಬರು, ಮನೆಯಿಂದಲೇ ಇಡೀ ಊರಿನ ಕಿವಿಗೆ ತಲುಪುವ ಯಂತ್ರ ಸಿಕ್ಕಾಗ, ಸಂಗೀತ ಕೇಳಿಸಿದರು, ತಿಳಿದವರನ್ನು ಕರೆಸಿ ಮಾತಾಡಿಸಿದರು. ಮೈಕಿನ ಮುಂದೆ ಕೂತವರಿಗೆ ಎದುರಿನ ಮುಖ ಕಾಣುವುದಿಲ್ಲ, ಚಪ್ಪಾಳೆ ಕೇಳಿಸುವುದಿಲ್ಲ. ಅಗ್ರಹಾರದ ಹಜಾರದಲ್ಲೋ ದೇವರಾಜ ಮಾರುಕಟ್ಟೆಯ ಅಂಗಡಿಯಲ್ಲೋ ಕೇಳುತ್ತಿರುವ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲಿ ತಂದುಕೊಂಡು, ಅವನಿಗೆ ತಿಳಿಯುವ ಹಾಗೆ ಹೇಳಬೇಕು. ಮೇಷ್ಟ್ರ ಕೆಲಸಕ್ಕೆ ಇದು ಬಹಳ ಹತ್ತಿರ.

ಬಾನುಲಿಗೆ ಒಂದು ಕೊರತೆಯೂ ಇತ್ತು. ಕೇಳುವವರು ಮರುಮಾತಾಡುವಂತಿರಲಿಲ್ಲ. ನಮ್ಮ ಸಂಸ್ಕೃತ ಪಾಠಶಾಲೆಗಳ ವಾಕ್ಯಾರ್ಥ ಗೋಷ್ಠಿಗಳಲ್ಲಿ ಎದುರಾಳಿಯ ಪಕ್ಷವನ್ನು ಅವನೇ ಮೆಚ್ಚುವಷ್ಟು ಚೆನ್ನಾಗಿ ಮಂಡಿಸಿದ ಮೇಲೆ ಖಂಡಿಸಬೇಕೆಂಬ ಶಿಸ್ತು ಇತ್ತು. ಅದು ಅಪರೂಪದ ಶಿಸ್ತು, ನನ್ನ ವಿದ್ಯಾರ್ಥಿಗಳಿಗೆ ಅದನ್ನು ಕಲಿಸಲು ನಾನು ಇನ್ನೂ ಹೆಣಗುತ್ತಿದ್ದೇನೆ. ಆದರೆ ಆ ಗೋಷ್ಠಿಗಳ ಜಮಖಾನದ ಮೇಲೆ ಯಾರಿಗೆ ಜಾಗವಿತ್ತು, ಯಾರಿಗೆ ಇರಲಿಲ್ಲ ಅನ್ನುವುದನ್ನು ಮರೆತು ಹೊಗಳುವುದು ಸಲ್ಲದು. ಇವತ್ತು ಸರಗೂರಿನ ಕಡೆಯ ಹಾಡಿಯೊಂದರ ಶಾಲೆಯ ಶಿಕ್ಷಕಿ, ಮಾನಸಗಂಗೋತ್ರಿಯ ಪ್ರೊಫೆಸರ್ ಬರೆದದ್ದರ ಕೆಳಗೆ 'ನಮ್ಮ ಶಾಲೆಯಲ್ಲಿ ಹೀಗಾಗುವುದಿಲ್ಲ ಸರ್' ಎಂದು ಬರೆಯಬಲ್ಲರು. ಈ ಬಾಗಿಲು ತೆರೆದದ್ದು ಫೋನು. ಅದನ್ನು ಮುಚ್ಚಬೇಕೆಂದು ನಾನು ಕನಸಿನಲ್ಲೂ ಬಯಸುವುದಿಲ್ಲ. ನನಗೆ ಬೇಕಾದದ್ದು ಆ ಶಿಕ್ಷಕಿ ತನ್ನ ಶಾಲೆಯಲ್ಲಿ ಏನಾಗುತ್ತದೆಂದು ಮುಂದೆ ಬರೆಯುವುದಕ್ಕೆ, ಪ್ರೊಫೆಸರ್ ಅದನ್ನು ಓದುವುದಕ್ಕೆ ಬೇಕಾದ ಪುರುಸೊತ್ತು.

ಅಂಥ ಪುರುಸೊತ್ತಿನಿಂದ ಹುಟ್ಟಿದ ಒಂದು ಪದ್ಧತಿ ನಮ್ಮ ಜಿಲ್ಲೆಯಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳ ಕೆಲವು ಮೇಷ್ಟ್ರುಗಳು, ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿಬಂದರು. ವಾಪಸು ಬಂದು ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು, ಮಾಡಿ ನೋಡಿದರು, ಹೊಂದದ್ದನ್ನು ತೆಗೆದುಹಾಕಿದರು. ಅದು ನಲಿ-ಕಲಿ. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹೋಯಿತು.

ನಲಿ-ಕಲಿ ಕೋಣೆಯನ್ನು ನೋಡದವರಿಗಾಗಿ ಹೇಳುತ್ತೇನೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕೂತಿರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಮಗುವೇ ಚಿಹ್ನೆ ನೋಡಿ ತಿಳಿದುಕೊಂಡು ತನ್ನ ಕಾರ್ಡನ್ನು ತೆಗೆದುಕೊಳ್ಳುತ್ತದೆ. ಗುಂಪುಗಳಿಗೆ ತಟ್ಟೆ ಎನ್ನುತ್ತಾರೆ. ಮೊದಲನೆಯದು ಪೂರ್ತಿ ಶಿಕ್ಷಕರ ಸಹಾಯದ್ದು, ಆಮೇಲೆ ಭಾಗಶಃ ಶಿಕ್ಷಕರದ್ದು, ಗೆಳೆಯರದ್ದು, ಭಾಗಶಃ ಗೆಳೆಯರದ್ದು, ಕೊನೆಗೆ ಸ್ವಕಲಿಕೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಿಂದ ಮಕ್ಕಳ ಚಿತ್ರಗಳು ಇಳಿಬಿದ್ದಿರುತ್ತವೆ. ಮಗುವಿನ ಕೈಗೆಟಕುವ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪುಹಲಗೆ. ಏಣಿಯ ಸಣ್ಣ ಸಣ್ಣ ಮೆಟ್ಟಿಲುಗಳನ್ನು ಸ್ಕಿನ್ನರ್ ನೋಡಿದ್ದರೆ ಗುರುತು ಹಿಡಿಯುತ್ತಿದ್ದರು. ನಡುವಿನ ತಟ್ಟೆಗಳಲ್ಲಿ ವೈಗೋಟ್‌ಸ್ಕಿ, ಕೊನೆಯ ತಟ್ಟೆಯಲ್ಲಿ ಪಿಯಾಜೆ, ಕೈಗೆ ಸಿಗುವ ಸಾಮಗ್ರಿಯಲ್ಲಿ ಮಾಂಟೆಸ್ಸೊರಿ. ಪುಸ್ತಕಗಳಲ್ಲಿ ಬಗೆಹರಿಯದ ತಕರಾರುಗಳೆಲ್ಲ ಒಂದೇ ನೆಲದ ಮೇಲೆ ಜಾಗ ಹಂಚಿಕೊಂಡು ಕೂತಿವೆ. ಅದು ಸಾಧ್ಯವಾದದ್ದು ಯಾವುದು ಉಳಿಯಬೇಕು, ಯಾವುದು ಹೋಗಬೇಕೆಂದು ತೀರ್ಮಾನಿಸಿದ್ದು ಮಕ್ಕಳಾದ್ದರಿಂದ.

ಕೋಟೆಯ ಮೇಷ್ಟ್ರುಗಳು ವಾದ ಮಾಡಿ ಮಾಡಿ ಕಟ್ಟಿದ್ದು ರಾಜ್ಯಕ್ಕೆಲ್ಲ ಹರಡುವಾಗ ಆದೇಶವಾಗಿ ಹೋಯಿತು. ಎಷ್ಟೋ ಕಡೆ ತಟ್ಟೆ ಬಂತು, ಅದನ್ನು ಯಾಕೆ ಇಟ್ಟರೆಂಬ ಮಾತು ಜೊತೆಗೆ ಬರಲಿಲ್ಲ. ಒಬ್ಬರೇ ಶಿಕ್ಷಕರು ಮೂರು ತರಗತಿ, ಐದು ಗುಂಪು ನಿಭಾಯಿಸುವ ಕಷ್ಟವನ್ನು ಹೇಳಿಕೊಂಡವರಿಗೆ ಸರಿಯಾದ ಉತ್ತರ ಸಿಗಲಿಲ್ಲ. ಮಕ್ಕಳು ಬರೀ ಆಡುತ್ತಾರೆ, ನಾಲ್ಕನೇ ಕ್ಲಾಸಿಗೆ ಹೋದಾಗ ಪರದಾಡುತ್ತಾರೆ ಎಂದು ತಂದೆತಾಯಿ ಹೇಳಿದ್ದೂ ಸುಳ್ಳಲ್ಲ. ಇಂಥ ಮಾತಿಗೆ ಹಿಂದೆ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಒಂದಷ್ಟು ಎಡೆಯಿರುತ್ತಿತ್ತು. ಈ ಕಾರ್ಡು ನಮ್ಮಲ್ಲಿ ನಡೆಯಲಿಲ್ಲ, ನಿಮ್ಮಲ್ಲಿ ಏನಾಯಿತು ಎಂದು ಚಹಾ ಕುಡಿಯುತ್ತಾ ಕೇಳಿಕೊಳ್ಳುತ್ತಿದ್ದರು. ಈಗ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನನಗೆ ಕಾಣುವುದು ಸುತ್ತೋಲೆ ಮತ್ತು ಫೋಟೊ. ತಟ್ಟೆಗಳ ಮುಂದೆ ಸಾಲಾಗಿ ಕೂತು ಕ್ಯಾಮೆರಾ ನೋಡುತ್ತಿರುವ ಮಕ್ಕಳು, ಕೆಳಗೆ ಮೇಲಧಿಕಾರಿಗಳ ಹೆಬ್ಬೆರಳು. ಆಗದೇ ಹೋದದ್ದನ್ನು ಅಲ್ಲಿ ಯಾರೂ ಬರೆಯುವುದಿಲ್ಲ. ಆಗದೇ ಹೋದದ್ದನ್ನು ಹೇಳಲು ಜಾಗವಿಲ್ಲದ ಕಡೆ ಕಲಿಕೆಯ ಬಗ್ಗೆ ಎಷ್ಟು ಮಾತಾಡಿದರೂ ಯಾರೂ ಏನೂ ಕಲಿಯುವುದಿಲ್ಲ, ಇದನ್ನು ನಾನು ಬಹಳ ನೋವಿನಿಂದ ಬರೆಯುತ್ತಿದ್ದೇನೆ.

ನನ್ನ ವಿದ್ಯಾರ್ಥಿಗಳನ್ನು ಈಗ ಕೋಟೆಯ ಕಡೆಯ ಇಂಥ ಒಂದು ಕೋಣೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಅವರು ಮಾತಾಡುವಂತಿಲ್ಲ, ಒಂದು ತಟ್ಟೆಯ ಪಕ್ಕ ಕೂತು ನೋಡಿದ್ದನ್ನು ಬರೆಯಬೇಕು. ಈಚೆಗೆ ಹೋದಾಗ ನಾನೂ ಗೆಳೆಯರ ತಟ್ಟೆಯ ಪಕ್ಕ ಕೂತೆ. ಆರು ವರ್ಷದ ಹುಡುಗಿಯೊಬ್ಬಳು ಹುಣಸೆಬೀಜ ಜೋಡಿಸುತ್ತಿದ್ದಳು. ಕಾರ್ಡಿನಲ್ಲಿದ್ದಂತೆ ಏಳು ಬೀಜದ ಎರಡು ಸಾಲು. ಒಂದು ಸಾಲನ್ನು ಆಟಕ್ಕೆಂದು ಉದ್ದಕ್ಕೆ ಎಳೆದಳು. ಎಳೆದವಳೇ ಅದನ್ನು ನೋಡಿ 'ಇದ್ರಲ್ಲಿ ಜಾಸ್ತಿ' ಎಂದು ತನ್ನಷ್ಟಕ್ಕೆ ಅಂದಳು. ಪಿಯಾಜೆ ತೋರಿಸಿಕೊಟ್ಟದ್ದು ಇದನ್ನೇ, ಈ ವಯಸ್ಸಿನಲ್ಲಿ ಕಣ್ಣಿಗೆ ಉದ್ದ ಕಂಡದ್ದು ಎಣಿಕೆಯಲ್ಲೂ ಹೆಚ್ಚು. ಪಕ್ಕದಲ್ಲಿದ್ದ ಎರಡನೇ ತರಗತಿಯವಳು ತನ್ನ ಕಾರ್ಡಿನಿಂದ ತಲೆಯೆತ್ತಿ, 'ಏ, ಅಷ್ಟೇ ಅದೆ ಕಣೆ. ನೀನೇ ದೂರ ದೂರ ಮಡಗಿದ್ದೀಯ' ಅಂದಳು. 'ಇಲ್ಲ, ಜಾಸ್ತಿ ಅದೆ' ಅಂದಳು ಇವಳು, ಗಟ್ಟಿಯಾಗಿ. ದೊಡ್ಡವಳು ಮತ್ತೆ ತನ್ನ ಕೆಲಸಕ್ಕೆ ಹೋದಳು.

ಇವಳು ಸ್ವಲ್ಪ ಹೊತ್ತು ಬೀಜಗಳನ್ನೇ ನೋಡಿದಳು. ಆಮೇಲೆ ಬೆರಳಿನಿಂದ ಉದ್ದದ ಸಾಲನ್ನು ಒಂದೊಂದೇ ಬೀಜವಾಗಿ ಒಳಕ್ಕೆ ದೂಡಿ ಇನ್ನೊಂದು ಸಾಲಿಗೆ ಸರಿಸಮ ಮಾಡಿದಳು. ಮತ್ತೆ ಎಳೆದಳು. ಮತ್ತೆ ದೂಡಿದಳು. ಅಷ್ಟೂ ಹೊತ್ತು ಬಾಯಲ್ಲಿ ಏನೋ ಗುನುಗು. 'ಹೋಯ್ತು... ಬಂತು... ಹೋಯ್ತು... ಬಂತು...' ಎಂಬಷ್ಟು ನನಗೆ ಕೇಳಿಸಿತು. ಕೊನೆಗೆ ಎಳೆದ ಸಾಲನ್ನು ಹಾಗೇ ಬಿಟ್ಟು, ಎಣಿಸದೆ, ಸ್ಲೇಟಿನಲ್ಲಿ ಎರಡೂ ಕಡೆ 7 ಬರೆದಳು.

ಊಟದ ಬೆಲ್ ಆದ ಮೇಲೆ ಆ ಶಾಲೆಯ ಮೇಡಂ ಮತ್ತು ನಾನು ವರಾಂಡದಲ್ಲಿ ನಿಂತು ಇದನ್ನೇ ಮಾತಾಡಿದೆವು. 'ದೊಡ್ಡವಳು ಹೇಳದೇ ಹೋಗಿದ್ರೆ ಇವಳಿಗೆ ಹೊಳೀತಾನೇ ಇರಲಿಲ್ಲ ಸರ್, ಎಳೆದು ಹಾಗೇ ಬಿಟ್ಟಿರೋಳು' ಅಂದರು ಅವರು. ನನಗೆ ಹಾಗನ್ನಿಸಲಿಲ್ಲ. ದೊಡ್ಡವಳ ಮಾತನ್ನು ಅವಳು ಒಪ್ಪಲೇ ಇಲ್ಲವಲ್ಲ. ನಂಬಿದ್ದು ತನ್ನ ಬೆರಳನ್ನು. ಹಿಂದಕ್ಕೆ ದೂಡಿ ಮೊದಲಿನ ಹಾಗೆ ಮಾಡಬಹುದೆಂದು ಕೈಗೆ ಗೊತ್ತಾದ ಮೇಲೆ ತಲೆಗೆ ಗೊತ್ತಾಯಿತು ಎಂದೆ. 'ಒಪ್ಪಲಿಲ್ಲ ಅಂತೀರಿ, ಆದ್ರೆ ಆ ಮಾತು ಕಿವಿಗೆ ಬಿದ್ದ ಮೇಲೆ ತಾನೇ ದೂಡಿದ್ದು? ಅನುಮಾನ ಹುಟ್ಟಿಸಿದ್ದು ಯಾರು ಮತ್ತೆ?' ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಜೊತೆಗಿದ್ದ ನನ್ನ ವಿದ್ಯಾರ್ಥಿನಿ, ಇಬ್ಬರ ಮಾತನ್ನೂ ಬರೆದುಕೊಳ್ಳುತ್ತಿದ್ದವಳು, 'ಗುನುಗಿದ್ದು ಯಾವಾಗ ಶುರುವಾಯ್ತು ಅಂತ ನೀವಿಬ್ಬರೂ ಹೇಳಲಿಲ್ಲ. ನಾನು ಬರೆದಿದ್ದೀನಿ. ಮೊದಲ ಸಲ ದೂಡುವಾಗ ಸುಮ್ಮನಿದ್ದಳು, ಎರಡನೇ ಸಲ ಎಳೆಯುವಾಗ ಶುರು ಮಾಡಿದಳು' ಅಂದಳು. ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ.

ಸೋಮವಾರ ಅವಳನ್ನು ಪಕ್ಕದಲ್ಲಿ ಯಾರೂ ಇಲ್ಲದೆ ಸ್ವಕಲಿಕೆಯ ತಟ್ಟೆಯಲ್ಲಿ ಕೂರಿಸಿ, ಬೀಜದ ಬದಲು ಬಳೆಚೂರು ಕೊಟ್ಟು ನೋಡುತ್ತೇನೆ ಎಂದರು ಮೇಡಂ. ಸೋಮವಾರ ಸಂಜೆ ಫೋನ್ ಮಾಡಿದರು. ಕೂರಿಸಿದ್ದರಂತೆ. ಅವಳು ಅಲ್ಲಿ ಕೂರಲಿಲ್ಲವಂತೆ. ಬಳೆಚೂರುಗಳನ್ನು ಲಂಗದಲ್ಲಿ ತುಂಬಿಕೊಂಡು, ಹೊಸದಾಗಿ ಒಂದನೇ ತರಗತಿಗೆ ಸೇರಿರುವ ಹುಡುಗನ ಮುಂದೆ ಹೋಗಿ ಎರಡು ಸಾಲು ಜೋಡಿಸಿ, ಒಂದನ್ನು ಉದ್ದಕ್ಕೆ ಎಳೆದು, 'ಯಾವುದ್ರಲ್ಲಿ ಜಾಸ್ತಿ ಅದೆ ಹೇಳು' ಎಂದು ಕೇಳಿದಳಂತೆ. ಅವನು ಉದ್ದದ ಸಾಲನ್ನು ತೋರಿಸಿದನಂತೆ.